ಚಳಿಗಾಲದ ಕೊಟ್ಟಿಗೆ: ಗಂಡ ಹೆಂಡತಿ ಕೆಲಸ ಹಂಚಿಕೊಳ್ಳೋದು ಹೇಗೆ

ಡಿಸೆಂಬರ್ ತಿಂಗಳು, ಬೆಳಗಿನ ಜಾವ ನಾಲ್ಕೂಮುಕ್ಕಾಲು. ದೇವಸ್ಥಾನದ ಮೈಕಿನಲ್ಲಿ ಧನುರ್ಮಾಸದ ಹಾಡು ಶುರುವಾಗಿದೆ. ಕಂಬಳಿಯೊಳಗೆ ಇಬ್ಬರಿಗೂ ಎಚ್ಚರವಾಗಿದೆ. ಆದರೂ ಇಬ್ಬರೂ ಗಾಢ ನಿದ್ದೆಯಲ್ಲಿರುವ ಹಾಗೆ ಬಿದ್ದುಕೊಂಡಿದ್ದೀವಿ. ಮೊದಲು ಮಗ್ಗುಲು ಬದಲಾಯಿಸಿದವರು ಸೋತ ಲೆಕ್ಕ. ಕೊಟ್ಟಿಗೆಯಲ್ಲಿ ಕೆಂಪಿ ಒಂದು ಸಲ ಕೂಗುತ್ತೆ. ಯಾರಾದರೂ ಏಳಲೇಬೇಕು.

ಮದುವೆಯಾದ ಹೊಸದರಲ್ಲಿ ಈ ಆಟದಲ್ಲಿ ದಿನಾ ಸೋಲುತ್ತಿದ್ದವಳು ನಾನೇ. ಈಗ ಹಾಗಿಲ್ಲ. ನಾವಿರೋದು ತಿಪಟೂರು ಕಡೆ. ಕರೆಯೋ ಹಸು ಮೂರು, ಗಬ್ಬದ್ದು ಒಂದು, ಒಂದು ಕಡಸು, ಒಂದು ಕರು. ಎಲ್ಲಾ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್), ಜೆರ್ಸಿ ಮಿಶ್ರತಳಿ. ಆಳುಗಳಿಲ್ಲ, ನಾವಿಬ್ಬರೇ. ನಾಲ್ಕೈದು ಚಳಿಗಾಲ ಜಗಳ ಆಡಿ ಆಡಿ ಒಂದು ವ್ಯವಸ್ಥೆಗೆ ಬಂದಿದ್ದೀವಿ. ನಿಮ್ಮ ಮನೆಯಲ್ಲೂ ಗಂಡ ಹೆಂಡತಿಯೇ ನಾಲ್ಕಾರು ಹಸು ನೋಡಿಕೊಳ್ಳುವವರಾದರೆ ಇದು ಉಪಯೋಗಕ್ಕೆ ಬರಬಹುದು.

ಹೆಜ್ಜೆ 1: ಎರಡು ದಿನ ಸುಮ್ನೆ ಬರೆಯಿರಿ

ಹಳೇ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದು ಎರಡು ಭಾಗ ಮಾಡಿ. ಒಂದು ನಿಮ್ಮದು, ಒಂದು ಅವರದು. ಎದ್ದಾಗಿನಿಂದ ಮಲಗೋ ತನಕ ಯಾರು ಏನು ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯುತ್ತಾ ಹೋಗಿ. ಕೊಟ್ಟಿಗೆ ಕೆಲಸ ಮಾತ್ರ ಅಲ್ಲ. ಕಾಫಿ ಮಾಡಿದ್ದು, ಮಗಳಿಗೆ ಜಡೆ ಹಾಕಿದ್ದು, ಮುದ್ದೆ ತೊಳಸಿದ್ದು, ಪಾತ್ರೆ ಬೆಳಗಿದ್ದು, ಎಲ್ಲಾ ಬರಲಿ. ಅಡುಗೆಮನೆ ಬಿಟ್ಟು ಬರೀ ಕೊಟ್ಟಿಗೆ ಕೆಲಸ ಹಂಚಿಕೊಂಡರೆ ಲೆಕ್ಕ ಸುಳ್ಳಾಗುತ್ತೆ.

ನಮ್ಮ ಮನೆಯಲ್ಲಿ ಬರೆದಾಗ ನನ್ನ ಸಾಲು ಹಾಳೆ ತುಂಬಿ ಅಂಚಿಗೆ ಹತ್ತಿತ್ತು. ಅವರದು ಒಂಬತ್ತೇ ಸಾಲು. ಅವರಿಗೆ ಸಿಟ್ಟು ಬಂತು. "ಬಣವೆ ಒಟ್ಟೋದೂ ಒಂದು ಸಾಲು, ನೀನು ಕಲಗಚ್ಚು ಇಡೋದೂ ಒಂದು ಸಾಲಾ?" ಅಂದರು. ಮಾತು ನಿಜವೇ. ಅದಕ್ಕೇ ಸಾಲು ಎಣಿಸಬೇಡಿ, ಹೊತ್ತು ಕೂಡಿಸಿ. ಭಾರದ ಕೆಲಸಕ್ಕೆ ಪಕ್ಕದಲ್ಲಿ ಒಂದು ಚುಕ್ಕಿ ಇಡಿ.

ಆಮೇಲೆ ಇನ್ನೊಂದು ಸಾಲು ಸೇರಿಸಿ. ಇದನ್ನು ನೆನಪಿಟ್ಟವರು ಯಾರು? ಫೀಡ್ ಚೀಲ ಮುಗೀತಾ ಬಂತು ಅಂತ ನೋಡಿದ್ದು ಯಾರು? ಹಸು ಗೌರಿ ಬೆದೆಗೆ ಬಂದು ಇಪ್ಪತ್ತು ದಿನ ಆಯ್ತು ಅಂತ ಎಣಿಸಿದ್ದು ಯಾರು? "ಹೇಳಿದ್ರೆ ಮಾಡ್ತಿದ್ನಲ್ಲ" ಅನ್ನೋ ಮಾತು ಬಹಳ ಮನೆಗಳಲ್ಲಿ ಕೇಳಿಬರುತ್ತೆ. ಹೇಳೋದೂ ಒಂದು ಕೆಲಸ ತಾನೇ. ನಮ್ಮ ಮನೆಯ ಮುಖ್ಯ ನಿಯಮ ಹುಟ್ಟಿದ್ದು ಇಲ್ಲಿಂದಲೇ: ಒಂದು ಕೆಲಸ ಯಾರ ಪಾಲಿಗೆ ಬಂತೋ, ಅದನ್ನು ನೆನಪಿಡೋದೂ ಅವರದೇ. ಇನ್ನೊಬ್ಬರು ಜ್ಞಾಪಿಸಬೇಕಾಗಿಲ್ಲ.

ಹೆಜ್ಜೆ 2: ಚಳಿಗಾಲದಲ್ಲಿ ಏನು ಬದಲಾಗುತ್ತೆ ಅಂತ ತಿಳಿದುಕೊಳ್ಳಿ

ನಮ್ಮ ಕಡೆ ರಾತ್ರಿ 12-14 ಡಿಗ್ರಿಗೆ ಇಳಿಯುತ್ತೆ. ನಾವು ನಡುಗುತ್ತೀವಿ ಅಂತ ಹಸುವೂ ನಡುಗುತ್ತೆ ಅಂದುಕೊಳ್ಳಬೇಡಿ. ಎಚ್‌ಎಫ್ ಮೂಲ ನೆದರ್ಲೆಂಡ್ಸ್ ಕಡೆಯದು. ಈ ಚಳಿ ಅದಕ್ಕೆ ಸುಖ. ಏಪ್ರಿಲ್ ಬಿಸಿಲಲ್ಲಿ ಏದುಸಿರು ಬಿಡೋ ಹಸು ಜನವರಿಯಲ್ಲಿ ಚೆನ್ನಾಗಿ ಮೇಯುತ್ತೆ, ಹಾಲಿನ ಫ್ಯಾಟೂ ಏರುತ್ತೆ. ಚಳಿ ತಟ್ಟೋದು ಎಳೆಗರುವಿಗೆ, ಒದ್ದೆ ನೆಲದಲ್ಲಿ ಮಲಗೋ ಹಸುವಿಗೆ, ಮತ್ತೆ ನಮಗೆ.

ನಿಜವಾದ ತೊಂದರೆ ಕೆಲಸದ ರಾಶಿಯದು. ರಾಗಿ ಕೊಯ್ಲು, ಹೊರೆ ಹೊರೋದು, ಬಣವೆ, ಕಣ ಎಲ್ಲಾ ನವೆಂಬರ್‌ನಿಂದ ಜನವರಿಯೊಳಗೇ ಬರುತ್ತೆ. ಅವರೆಕಾಯಿ ಬಿಡಿಸೋದೂ ಆಗಲೇ. ನೇಪಿಯರ್ ಹುಲ್ಲು ಚಳಿಗೆ ನಿಧಾನ ಬೆಳೆಯುತ್ತೆ, ಹಾಗಾಗಿ ಹಸಿರು ಮೇವು ಹುಡುಕೋ ಹೊತ್ತು ಜಾಸ್ತಿ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿದ್ದರೆ ನೀರು ಕಟ್ಟೋಕೆ ನಡುರಾತ್ರಿ ತೋಟಕ್ಕೆ ಹೋಗಬೇಕು. ಅದನ್ನೂ ಹಾಳೆಯಲ್ಲಿ ಬರೆಯಿರಿ. ರಾತ್ರಿ ಎರಡು ಗಂಟೆಗೆ ನೀರು ತಿರುಗಿಸಿ ಬಂದವರನ್ನು ಐದಕ್ಕೆ ಎಬ್ಬಿಸೋದು ನ್ಯಾಯ ಅಲ್ಲ. ಆ ವಾರ ಬೆಳಗಿನ ಪಾಳಿ ಇನ್ನೊಬ್ಬರದು.

ಹೆಜ್ಜೆ 3: ಬೆಳಗಿನ ಪಾಳಿಯನ್ನು ವಾರವಾರ ಬದಲಾಯಿಸಿ

ದಿನದ ಎಲ್ಲಾ ಕೆಲಸ ಅರ್ಧರ್ಧ ಮಾಡೋಕೆ ಹೋಗಬೇಡಿ, ಅದು ನಡೆಯಲ್ಲ. ಆದರೆ ಬೆಳಗಿನ ಮೊದಲ ಒಂದು ಗಂಟೆ ಮಾತ್ರ ಸರದಿ ಪ್ರಕಾರ ನಡೆಯಲಿ. ಚಳಿಯಲ್ಲಿ ಎಲ್ಲರಿಗೂ ಬೇಡವಾದ ಹೊತ್ತು ಅದೇ.

ನಾವು ಎರಡು ಪಾಲು ಮಾಡಿಕೊಂಡಿದ್ದೀವಿ. ಒಬ್ಬರು ಒಲೆಯವರು, ಒಬ್ಬರು ಕೊಟ್ಟಿಗೆಯವರು. ಭಾನುವಾರ ರಾತ್ರಿ ಅದಲು ಬದಲು.

ಒಲೆಯವರು ಮೊದಲು ಏಳುತ್ತಾರೆ. ಹಂಡೆ ಒಲೆಗೆ ತೆಂಗಿನ ಮಟ್ಟೆ, ಚಿಪ್ಪು ತುಂಬಿ ಹಚ್ಚಬೇಕು. ಹಂಡೆ ನೀರಿನಲ್ಲಿ ಎರಡು ಬಕೆಟ್ ಕೊಟ್ಟಿಗೆಗೆ, ಉಳಿದದ್ದು ಸ್ನಾನಕ್ಕೆ. ಕಾಫಿ, ಮಕ್ಕಳನ್ನು ಎಬ್ಬಿಸೋದು, ತಿಂಡಿ ಎಲ್ಲಾ ಅವರದೇ. ಕೊಟ್ಟಿಗೆಯವರು ಕಾಲು ಗಂಟೆ ತಡವಾಗಿ ಎದ್ದು ಸಗಣಿ ಬಾಚಿ, ಗಂಜಲದ ಕಾಲುವೆ ಗುಡಿಸಿ, ಗೋದಲಿ ಕ್ಲೀನ್ ಮಾಡಿ, ಹಾಲು ಕರೆಯೋಕೆ ಕೂರುತ್ತಾರೆ. ಒಲೆ ಹತ್ತಿಕೊಂಡ ಮೇಲೆ ಒಲೆಯವರೂ ಬಂದು ಒಂದು ಹಸು ಕರೆಯುತ್ತಾರೆ. ಆರೂವರೆಗೆ ಕ್ಯಾನ್ ಡೈರಿಗೆ ಹೊರಡಬೇಕು.

ನಮ್ಮೆಜಮಾನರು ಒಲೆಯವರಾದ ಮೊದಲ ವಾರ ಉಪ್ಪಿಟ್ಟು ಐದು ದಿನ. ಅತ್ತೆ ಏನೋ ಗೊಣಗಿದರು. ನಾನು ಕೇಳಿಸಿಕೊಳ್ಳದ ಹಾಗೆ ಕೊಟ್ಟಿಗೆಗೆ ಹೋದೆ. ಎರಡನೇ ತಿಂಗಳ ಹೊತ್ತಿಗೆ ಅವರ ಚಿತ್ರಾನ್ನ ನನ್ನದಕ್ಕಿಂತ ಚೆನ್ನಾಗಿ ಆಗ್ತಿತ್ತು. ಹೇಳಿಲ್ಲ ಅಷ್ಟೇ.

ಒಂದು ಅಡಚಣೆ ಬರುತ್ತೆ. ದಿನಾ ಒಬ್ಬರೇ ಕರೆದ ಹಸು ಹೊಸ ಕೈಗೆ ಸೊರೆ ಬಿಡಲ್ಲ, ಅಂದರೆ ಹಾಲು ಇಳಿಸಲ್ಲ. ಕೆಂಪಿ ಅವರನ್ನು ಕಂಡರೆ ಕಾಲು ಎತ್ತುತ್ತಿತ್ತು. ಹತ್ತು ದಿನ ನಾನು ಕರೆಯುವಾಗ ಅವರು ಪಕ್ಕದಲ್ಲಿ ನಿಂತು ಬೆನ್ನು ಸವರಿದರು. ಆಮೇಲೆ ನನ್ನ ಹಳೇ ಸ್ವೆಟರ್ ಹಾಕಿಕೊಂಡು ಕೂತರು. ತೋಳು ಮೊಣಕೈಗೇ ನಿಂತಿತ್ತು, ಗುಂಡಿ ಹಾಕೋಕೆ ಬರ್ತಿರಲಿಲ್ಲ. ಕೆಂಪಿ ಒಂದು ಸಲ ಮೂಸಿ ನೋಡಿತು, ಸುಮ್ಮನೆ ನಿಂತಿತು. ಈಗ ಸ್ವೆಟರ್ ಬೇಕಾಗಿಲ್ಲ. ಈ ಅಭ್ಯಾಸವನ್ನು ಅಕ್ಟೋಬರ್‌ನಲ್ಲೇ ಶುರು ಮಾಡಿ. ಒಬ್ಬರು ಜ್ವರ ಬಂದು ಮಲಗಿದ ದಿನ ಕಲಿಯೋಕೆ ಆಗಲ್ಲ.

ಕರೆಯೋದು ಇಬ್ಬರದೂ ಒಂದೇ ಥರ ಇರಲಿ

ಗಂಡ ಒಂದು ಥರ, ಹೆಂಡತಿ ಒಂದು ಥರ ಕರೆದರೆ ಕೆಚ್ಚಲಿಗೆ ಕಷ್ಟ. ಇಬ್ಬರೂ ಇದೇ ಕ್ರಮ ಹಿಡಿಯಿರಿ:

1. ಉಗುರು ಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ. ಹಸುವಿಗೊಂದು ಬಟ್ಟೆ. ಒದ್ದೆ ಬಿಟ್ಟರೆ ಚಳಿಗಾಳಿಗೆ ತೊಟ್ಟು ಬಿರಿಯುತ್ತೆ.
2. ಪ್ರತಿ ತೊಟ್ಟಿನಿಂದ ಮೊದಲ ಎರಡು ಮೂರು ಧಾರೆ ಬೇರೆ ಕಪ್ಪು ಬಟ್ಟಲಿಗೆ ಬಿಡಿ. ಗರಣೆ, ನೀರು ನೀರಾದ ಹಾಲು ಕಂಡರೆ ಕೆಚ್ಚಲು ಬಾವಿನ ಗುರುತು. ಆ ಹಸು ಕೊನೆಗೆ ಕರೆಯಿರಿ, ಆ ಹಾಲು ಕ್ಯಾನಿಗೆ ಸೇರಬಾರದು.
3. ಮುಷ್ಟಿ ಹಿಡಿದು ಕರೆಯಿರಿ. ಹೆಬ್ಬೆರಳು ಮಡಚಿ ಎಳೆಯೋದು ಬಿಡಿ, ತೊಟ್ಟಿಗೆ ಒಳಗೆ ಗಾಯ ಆಗುತ್ತೆ.
4. ಸೊರೆ ಬಿಟ್ಟ ಮೇಲೆ ಐದಾರು ನಿಮಿಷದಲ್ಲಿ ಮುಗಿಸಿ. ನಡುವೆ ಫೋನ್ ಬಂತು ಅಂತ ಎದ್ದರೆ ಹಾಲು ಒಳಗೇ ಉಳಿಯುತ್ತೆ. ಕೊನೆಯ ಹಾಲಲ್ಲೇ ಫ್ಯಾಟ್ ಜಾಸ್ತಿ ಇರೋದು.
5. ಮುಗಿದ ತಕ್ಷಣ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮೇವು ಹಾಕಿ. ಅರ್ಧ ಗಂಟೆ ನಿಂತೇ ಇರಲಿ. ತೊಟ್ಟಿನ ಬಾಯಿ ಮುಚ್ಚೋ ಮೊದಲೇ ಸಗಣಿ ನೆಲದಲ್ಲಿ ಮಲಗಿದರೆ ಬಾವು ಬರೋದು ಸುಲಭ.

ಬಿರಿದ ತೊಟ್ಟಿಗೆ ಕೊಬ್ಬರಿ ಎಣ್ಣೆ ಸಾಕು, ಕರೆದ ಮೇಲೆ ಹಚ್ಚಿ. ನಮ್ಮ ಕೈಬಿರುಕಿಗೂ ಅದೇ ಎಣ್ಣೆ, ಆದರೆ ಬಟ್ಟಲು ಬೇರೆ. ಮೊಣಕಾಲ ಮೇಲೆ ಕೂತು ಕರೆಯೋದು ಕಷ್ಟವಾದರೆ ಗೇಣುದ್ದದ ಸ್ಟೂಲ್ ಮಾಡಿಸಿಕೊಳ್ಳಿ. ಮೂರು ಹಸು, ಎರಡು ಹೊತ್ತು, ವರ್ಷವಿಡೀ ಕುಕ್ಕರಗಾಲಲ್ಲಿ ಕೂತವರ ಮಂಡಿ ಏನಾಗುತ್ತೆ ಅಂತ ನಮ್ಮತ್ತೆಯನ್ನು ನೋಡಿ ತಿಳಿದಿದ್ದೀನಿ.

ಹೆಜ್ಜೆ 4: ಮೇವು ಮತ್ತು ನೀರು, ಒಬ್ಬರ ಜವಾಬ್ದಾರಿ

ಮೇವಿನ ಲೆಕ್ಕ ಇಬ್ಬರ ತಲೆಯಲ್ಲಿದ್ದರೆ ಯಾರ ತಲೆಯಲ್ಲೂ ಇರಲ್ಲ. ನಮ್ಮಲ್ಲಿ ಇದು ಪೂರ್ತಿ ಅವರದು. ಹುಲ್ಲು ತರೋದು, ಫೀಡ್ ತರಿಸೋದು, ಬಣವೆ ಎಷ್ಟು ಉಳಿದಿದೆ ಅಂತ ನೋಡೋದು, ಎಲ್ಲಾ ಅವರದೇ.

ಲೆಕ್ಕ ಹೀಗೆ: ಹಸುವಿನ ಹೊಟ್ಟೆಪಾಡಿಗೆ ಒಂದೂವರೆ ಕೆಜಿ ಫೀಡ್, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಹತ್ತು ಲೀಟರ್ ಕೊಡೋ ಹಸುವಿಗೆ ದಿನಕ್ಕೆ ಐದೂವರೆ ಕೆಜಿ ಆಯ್ತು. ಜೊತೆಗೆ ಹಸಿರು ಮೇವು 20-25 ಕೆಜಿ, ಒಣಹುಲ್ಲು 5-6 ಕೆಜಿ, ಖನಿಜ ಮಿಶ್ರಣ 50 ಗ್ರಾಂ. ಫೀಡ್ ಚೀಲ 50 ಕೆಜಿ ಇರುತ್ತೆ. ತಂದ ದಿನವೇ ಅವರು ಎರಡು ಡ್ರಮ್ಮಿಗೆ ಸುರಿದಿಡಬೇಕು ಅಂತ ಮಾತಾಗಿದೆ. ಇಲ್ಲದಿದ್ದರೆ ಅವರಿಲ್ಲದ ದಿನ ಚೀಲ ಎಳೆದಾಡೋದು ನಾನೇ.

ಇಬ್ಬನಿ ಆರೋ ತನಕ ಹುಲ್ಲು ಕೊಯ್ಯಬೇಡಿ. ಅದರಲ್ಲೂ ಅಲಸಂದೆ, ಕುದುರೆ ಮಸಾಲೆ ಸೊಪ್ಪು, ಹಸಿ ಅವರೆ ಬಳ್ಳಿ ಇಬ್ಬನಿ ಸಮೇತ ಖಾಲಿ ಹೊಟ್ಟೆಗೆ ಬಿದ್ದರೆ ಹೊಟ್ಟೆ ಉಬ್ಬರ ಗ್ಯಾರಂಟಿ. ಮೊದಲು ಒಂದಿಷ್ಟು ರಾಗಿಹುಲ್ಲು ತಿನ್ನಿಸಿ, ಆಮೇಲೆ ಸೊಪ್ಪು ಹಾಕಿ. ಹಿತಕಿದ ಬೇಳೆ ಮಾಡಿದ ದಿನ ಮಂಕರಿಗಟ್ಟಲೆ ಉಳಿಯೋ ಅವರೆ ಸಿಪ್ಪೆಗೂ ಇದೇ ಮಾತು. ಹಸು ಆಸೆಪಟ್ಟು ತಿನ್ನುತ್ತೆ, ಆದರೆ ಸ್ವಲ್ಪ ಸ್ವಲ್ಪ ಕೊಡಿ.

ಹುಲ್ಲು ಕತ್ತರಿಸೋ ಮೆಷಿನ್ ಹತ್ತಿರ ಹೋಗುವಾಗ ಶಾಲು, ಮಫ್ಲರ್, ಇಳಿಬಿಟ್ಟ ಸೆರಗು ಬೇಡವೇ ಬೇಡ. ಚಳಿಗಾಲದಲ್ಲಿ ಮೈಮೇಲೆ ಜೋತಾಡೋ ಬಟ್ಟೆ ಜಾಸ್ತಿ. ರೋಲರ್ ಹಿಡಿದರೆ ಬಟ್ಟೆ ಜೊತೆ ಕೈ, ಕುತ್ತಿಗೆ ಎಲ್ಲಾ ಎಳೆಯುತ್ತೆ. ಒಬ್ಬರು ಹುಲ್ಲು ಕೊಡುವಾಗ ಇನ್ನೊಬ್ಬರು ಸ್ವಿಚ್ಚಿನ ಹತ್ತಿರ ಇರಲಿ. ಇದೊಂದು ಕೆಲಸಕ್ಕೆ ಇಬ್ಬರೂ ಬೇಕು ಅಂತಲೇ ನಾವು ಸಂಜೆ ನಾಲ್ಕಕ್ಕೆ ಹೊತ್ತು ಗೊತ್ತು ಮಾಡಿದ್ದೀವಿ.

ಬಣವೆಯೂ ಇಬ್ಬರ ಕೆಲಸ. ಕೆಳಗೆ ಕಲ್ಲು, ಅದರ ಮೇಲೆ ಮಟ್ಟೆ ಹಾಸಿ ಒಟ್ಟಿ. ನೆಲಕ್ಕೆ ತಾಗಿದರೆ ಗೆದ್ದಲು ಹತ್ತುತ್ತೆ. ಮೇಲೆ ನಿಂತು ತುಳಿಯೋದು ಹಗುರ ಇರುವವರು, ಕೆಳಗಿಂದ ಎಸೆಯೋದು ಬಲ ಇರುವವರು. ನಮ್ಮಲ್ಲಿ ಮೇಲೆ ನಾನು. ಅಲ್ಲಿಂದ ಕೆರೆ ಕೋಡಿವರೆಗೂ ಕಾಣುತ್ತೆ, ಇಳಿಯೋಕೆ ಮನಸ್ಸೇ ಬರಲ್ಲ.

ನೀರಿನ ವಿಷಯ ಬಹಳ ಜನ ಮರೆಯುತ್ತಾರೆ. ಹಾಲು ಕೊಡೋ ಹಸುವಿಗೆ ದಿನಕ್ಕೆ 60-80 ಲೀಟರ್ ನೀರು ಬೇಕು. ರಾತ್ರಿಯಿಡೀ ತೊಟ್ಟಿಯಲ್ಲಿ ನಿಂತ ನೀರು ಬೆಳಿಗ್ಗೆ ಕೊರೆಯುತ್ತಿರುತ್ತೆ, ಹಸು ಮೂತಿ ಅದ್ದಿ ಹಿಂದೆ ಸರಿಯುತ್ತೆ. ನೀರು ಕಮ್ಮಿಯಾದರೆ ಹಾಲೂ ಕಮ್ಮಿ. ಅದಕ್ಕೆ ಕಾಯಿಸಬೇಕಾಗಿಲ್ಲ. ಬೋರ್‌ವೆಲ್‌ನಿಂದ ಆಗತಾನೇ ಬಂದ ನೀರು ಬೆಚ್ಚಗೇ ಇರುತ್ತೆ, ಚಳಿಯಲ್ಲಿ ಹೊಗೆಯಾಡುತ್ತೆ. ಅದನ್ನೇ ಕುಡಿಸಿ. ಬಕೆಟ್ಟಿಗೆ ಹೀಟರ್ ಕಾಯಿಲ್ ಹಾಕುವವರಿದ್ದರೆ, ಪ್ಲಗ್ ಕಿತ್ತ ಮೇಲೇ ನೀರು ಮುಟ್ಟಬೇಕು ಅಂತ ಮನೆಯವರಿಗೆಲ್ಲ ಹೇಳಿಡಿ.

ಹೆಜ್ಜೆ 5: ಸಂಜೆ ಕೊಟ್ಟಿಗೆ ಕಟ್ಟೋದು

ಇದು ಹತ್ತು ನಿಮಿಷದ ಕೆಲಸ. ಆದರೆ ಮರೆತರೆ ಕರು ಕೆಮ್ಮುತ್ತೆ. ನಮ್ಮಲ್ಲಿ ನನ್ನ ಪಾಲು.

ಚಳಿಗಾಲದ ಗಾಳಿ ಮೂಡಲ ಕಡೆಯಿಂದ ಬೀಸುತ್ತೆ. ಆ ಕಡೆಗೆ ಗೋಣಿಚೀಲ ಹೊಲಿದು ಪರದೆ ಇಳಿಬಿಡಿ. ಬೆಳಿಗ್ಗೆ ಅದೇ ಕಡೆಯಿಂದ ಬಿಸಿಲು ಬರೋದರಿಂದ ಸುತ್ತಿ ಮೇಲೆ ಕಟ್ಟಿ. ನಾಲ್ಕೂ ಕಡೆ ಮುಚ್ಚಬೇಡಿ. ಗಂಜಲದ ಘಾಟು ಒಳಗೇ ನಿಂತರೆ ಚಳಿಗಿಂತ ಅದೇ ಶ್ವಾಸಕ್ಕೆ ಕೆಟ್ಟದ್ದು. ಸೊಳ್ಳೆಗೆ ಅಂತ ಹೊಗೆ ಹಾಕುವವರು ಹೊರಗೆ, ಬಣವೆಯಿಂದ ದೂರ ಹಾಕಿ, ಮಲಗೋ ಮೊದಲು ನೀರು ಚಿಮುಕಿಸಿ ಆರಿಸಿ.

ಕರುವಿನ ಕೆಳಗೆ ಒಣಹುಲ್ಲೋ ತೆಂಗಿನ ನಾರಿನ ಪುಡಿಯೋ ದಪ್ಪಗೆ ಹಾಸಿ. ಮಂಡಿಯೂರಿ ನೋಡಿ. ನಿಮ್ಮ ಬಟ್ಟೆಯ ಮಂಡಿ ಒದ್ದೆಯಾದರೆ ಹಾಸಿಗೆ ಬದಲಾಯಿಸಬೇಕು ಅಂತ ಅರ್ಥ. ಎಳೆಗರುವಿಗೆ 15 ಡಿಗ್ರಿ ಕೆಳಗೆ ಇಳಿದರೆ ಚಳಿ ತಟ್ಟೋಕೆ ಶುರು. ಗೋಣಿಚೀಲದ ಅಂಗಿ ಹೊಟ್ಟೆ ಕೆಳಗೆ ಸಡಿಲವಾಗಿ ಕಟ್ಟಿ, ಬೆಳಿಗ್ಗೆ ಬಿಚ್ಚಿ ಬಿಸಿಲಿಗೆ ಹಾಕಿ. ಒದ್ದೆ ಅಂಗಿಗಿಂತ ಅಂಗಿ ಇಲ್ಲದಿರೋದೇ ಮೇಲು. ಕುಡಿಸೋ ಹಾಲು ಕರೆದ ಬಿಸಿಯಲ್ಲೇ ಇರಲಿ.

ಮಲಗೋ ಮುಂಚೆ ಎಂಟೂವರೆಗೆ ಒಂದು ಕಂತೆ ರಾಗಿಹುಲ್ಲು ಹಾಕಿ. ಒಣಹುಲ್ಲು ಹೊಟ್ಟೆಯಲ್ಲಿ ಅರಗುವಾಗ ಶಾಖ ಹುಟ್ಟುತ್ತೆ, ಹಸುವಿಗೆ ಅದೇ ಕಂಬಳಿ.

ಹೆಜ್ಜೆ 6: ಕರು ಹಾಕೋ ರಾತ್ರಿ ಯಾರು ಏನು ಮಾಡಬೇಕು

ಗಬ್ಬದ ಹಸು ಇದ್ದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ. ಆ ಹೊತ್ತಿನಲ್ಲಿ ಮಾತಾಡೋಕೆ ಹೋದರೆ ಬರೀ ಕೂಗಾಟ ಆಗುತ್ತೆ.

ಕೆಚ್ಚಲು ಬಿಗಿದು, ಬಾಲದ ಬುಡದ ಎರಡೂ ಕಡೆ ತಗ್ಗು ಬಿದ್ದರೆ ಇನ್ನೊಂದೆರಡು ದಿನ. ಆಗಿನಿಂದ ರಾತ್ರಿಯನ್ನು ಎರಡು ಪಾಲು ಮಾಡಿ. ಹತ್ತರಿಂದ ಒಂದೂವರೆ ಒಬ್ಬರು, ಅಲ್ಲಿಂದ ಬೆಳಗಿನವರೆಗೆ ಇನ್ನೊಬ್ಬರು. ಪಾಳಿಯವರು ಗಂಟೆಗೊಮ್ಮೆ ಟಾರ್ಚ್ ಹಿಡಿದು ನೋಡಿ ಬರೋದು, ಇನ್ನೊಬ್ಬರು ನಿಜವಾಗಿಯೂ ನಿದ್ದೆ ಮಾಡೋದು. ಇಬ್ಬರೂ ಅರ್ಧ ನಿದ್ದೆಯಲ್ಲಿ ಹೊರಳಾಡಿದರೆ ಮಾರನೇ ದಿನ ಇಬ್ಬರೂ ಕೆಲಸಕ್ಕೆ ಬರಲ್ಲ.

ಕೆನಡಾ, ಅಮೆರಿಕದಲ್ಲಿ ನೂರಾರು ಹಸು ಇಟ್ಟ ರ‍್ಯಾಂಚುಗಳ ಗಂಡ ಹೆಂಡಿರಿಗೂ ಚಳಿಗಾಲದ ಕೊನೆಯಲ್ಲಿ ಇದೇ ಪಾಡು. ಅಲ್ಲಿ ಹಿಮ ಬೇರೆ. ಕೆನಡಾದ ಮನಿಟೋಬಾದಲ್ಲಿ ದನ ಸಾಕುತ್ತಿದ್ದ ಗಸ್ ಕೊನೆಫಾಲ್ 1970ರ ದಶಕದಲ್ಲಿ ಒಂದು ವಿಷಯ ಗಮನಿಸಿದರು. ಗಬ್ಬದ ಹಸುಗಳಿಗೆ ರಾತ್ರಿ ಹೊತ್ತು ಮೇವು ಹಾಕಿದರೆ ಹೆಚ್ಚಿನವು ಹಗಲಲ್ಲೇ ಕರು ಹಾಕುತ್ತವೆ. ಅಲ್ಲಿನ ಬಹಳ ರ‍್ಯಾಂಚುಗಳು ಈಗ ಇದನ್ನೇ ಅನುಸರಿಸುತ್ತವೆ. ನಮ್ಮ ಹಾಗೆ ಎರಡು ಮೂರು ಹೊತ್ತು ಮೇವು ಹಾಕುವವರಿಗೆ ಅಷ್ಟು ಖಚಿತವಾಗಿ ಫಲ ಸಿಗಲಿಕ್ಕಿಲ್ಲ. ಆದರೂ ಕೊನೆ ತಿಂಗಳು ದೊಡ್ಡ ಪಾಲು ಮೇವನ್ನು ರಾತ್ರಿಗೆ ಇಟ್ಟರೆ ಕಳೆದುಕೊಳ್ಳೋದೇನಿಲ್ಲ.

ಕರು ಬರುವಾಗ ಒಬ್ಬರು ಹಸುವಿನ ಹತ್ತಿರ, ಒಬ್ಬರು ಫೋನು, ಬಿಸಿನೀರು, ಒಣ ಬಟ್ಟೆ ನೋಡಿಕೊಳ್ಳಲಿ. ನೀರಿನ ಚೀಲ ಒಡೆದು ಒಂದು ಗಂಟೆಯಾದರೂ ಮುಂದುವರಿಯದಿದ್ದರೆ ಎಳೆದಾಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಕರು ಬಿದ್ದ ಮೇಲೆ ಮೂಗು ಬಾಯಿ ಒರೆಸಿ, ಗೋಣಿಚೀಲದಲ್ಲಿ ಮೈ ಉಜ್ಜಿ ಒಣಗಿಸಿ, ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಾಕಿ. ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಲೇಬೇಕು. 25 ಕೆಜಿ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್, ಎರಡು ಮೂರು ಸಲ ಕೊಡಿ. ದಿನ ಕಳೆದ ಮೇಲೆ ಕುಡಿಸಿದ ಗಿಣ್ಣಿನಿಂದ ರೋಗ ತಡೆಯೋ ಶಕ್ತಿ ರಕ್ತಕ್ಕೆ ಸೇರಲ್ಲ. ನೆಂಟರಿಗೆ ಗಿಣ್ಣು ಆಮೇಲೆ.

ಕಸ (ಮಾಸು) ಬೀಳೋಕೆ ಹನ್ನೆರಡು ಗಂಟೆಯವರೆಗೂ ಕಾಯಬಹುದು. ಕೈ ಹಾಕಿ ಎಳೆಯಬೇಡಿ. ಕಸ, ಕಂದು ಹಾಕಿದ ಕರು ಇವನ್ನೆಲ್ಲ ಬರಿಗೈಲಿ ಮುಟ್ಟಲೇಬೇಡಿ. ಹಸು ಕಂದು ಹಾಕೋ ಹಾಗೆ, ಅಂದರೆ ಗಬ್ಬ ಇಳಿಯೋ ಹಾಗೆ ಮಾಡೋ ಕಂದು ರೋಗ (ಬ್ರುಸೆಲ್ಲೋಸಿಸ್) ಮನುಷ್ಯರಿಗೂ ಅಂಟುತ್ತೆ, ತಿಂಗಳುಗಟ್ಟಲೆ ಜ್ವರ, ಕೀಲು ನೋವು. ಕೈಗವಸು ಹಾಕಿ, ಆಳವಾಗಿ ಹೂಳಿ. ಹೆಂಡತಿ ಬಸುರಿಯಾಗಿದ್ದರೆ ಈ ಕೆಲಸ ಪೂರ್ತಿ ಗಂಡನದೇ. ಇದರಲ್ಲಿ ಸರದಿ ಗಿರದಿ ಇಲ್ಲ.

ನಮ್ಮ ಒಂದು ತಪ್ಪು ಹೇಳ್ತೀನಿ. ಗೌರಿ ನಾಲ್ಕನೇ ಕರು ಹಾಕಿದ ಮಾರನೇ ರಾತ್ರಿ. ಜನವರಿ ಚಳಿ. ಹಸು ಎದ್ದೇಳಲಿಲ್ಲ, ಕಿವಿ ಮುಟ್ಟಿದರೆ ತಣ್ಣಗೆ. "ಚಳಿಗೆ ಹಿಂಗಾಗಿದೆ ಕಣೇ" ಅಂತ ಅವರು ಕಂಬಳಿ ತಂದು ಹೊದಿಸಿದರು. ನಾನೂ ಹೂಂ ಅಂದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಕತ್ತನ್ನು ಪಕ್ಕೆಗೆ ಮಡಚಿಕೊಂಡು ಮಲಗಿತ್ತು, ಮೂತಿ ಒಣಗಿತ್ತು. "ರೀ, ಇದು ಚಳಿ ಅಲ್ಲ, ಫೋನ್ ಮಾಡಿ" ಅಂದೆ. ಅದು ಹಾಲು ಜ್ವರ. ಹೆಸರು ಜ್ವರ, ಆದರೆ ಮೈ ಬಿಸಿ ಇರಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಮೈ ತಣ್ಣಗಾಗುತ್ತೆ. ಡಾಕ್ಟರ್ ಬಂದು ನರಕ್ಕೆ ಕ್ಯಾಲ್ಸಿಯಂ ಬಾಟಲಿ ನಿಧಾನಕ್ಕೆ ಹಾಕಿದರು. ಬಾಟಲಿ ಮುಗಿದು ಸ್ವಲ್ಪ ಹೊತ್ತಿಗೆ ಗೌರಿ ತೇಗಿತು, ಸಗಣಿ ಹಾಕಿತು, ಎದ್ದು ನಿಂತಿತು. ಇನ್ನೂ ತಡವಾಗಿದ್ದರೆ ಹಸು ಹೋಗ್ತಿತ್ತು. ಕರು ಹಾಕಿ ಮೂರು ದಿನದೊಳಗೆ ಕಿವಿ ತಣ್ಣಗಿದ್ದು ಹಸು ಏಳದಿದ್ದರೆ ಕಂಬಳಿ ಹುಡುಕಬೇಡಿ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಸಿಗುತ್ತೆ. ಆ ನಂಬರನ್ನು ಕೊಟ್ಟಿಗೆಯ ಕಂಬದ ಮೇಲೆ ಸುಣ್ಣದಲ್ಲಿ ಬರೆದಿಡಿ.

ಹೆಜ್ಜೆ 7: ಗೋಡೆ ಕ್ಯಾಲೆಂಡರ್ ಒಂದೇ ಇರಲಿ

ಬೆದೆಗೆ ಬಂದ ದಿನ, ಕೃತಕ ಗರ್ಭಧಾರಣೆ ಮಾಡಿಸಿದ ದಿನ, ಹಾಲು ಬತ್ತಿಸಬೇಕಾದ ದಿನ, ಲಸಿಕೆ ಹಾಕಿಸಿದ ದಿನ, ಎಲ್ಲಾ ಅದರಲ್ಲೇ. ಬೆದೆ 21 ದಿನಕ್ಕೊಮ್ಮೆ ಬರುತ್ತೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಮಾಡಿಸಬೇಕು. ಬೆದೆಯ ಗುರುತು ಬೆಳಗಿನ ಜಾವದಲ್ಲೇ ಚೆನ್ನಾಗಿ ಕಾಣೋದು, ಹಾಗಾಗಿ ಕೊಟ್ಟಿಗೆಯವರ ಪಾಲಿಗೆ ಬರೆಯೋ ಕೆಲಸ. ಒಂದು ಸಲ ತಪ್ಪಿದರೆ ಮೂರು ವಾರದ ಮೇವು ದಂಡ. ಕರು ಹಾಕೋ 60 ದಿನ ಮೊದಲು ಹಾಲು ಬತ್ತಿಸಿ.

ಕಾಲುಬಾಯಿ ರೋಗದ ಲಸಿಕೆ ಆರು ತಿಂಗಳಿಗೊಮ್ಮೆ, ಸರ್ಕಾರದಿಂದ ಪುಕ್ಕಟೆ. 4ರಿಂದ 8 ತಿಂಗಳ ಹೆಣ್ಣುಕರುವಿಗೆ ಕಂದು ರೋಗದ್ದು ಒಂದೇ ಸಲ. ಡಿಸೆಂಬರ್‌ನಲ್ಲಿ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಂಥ ಕಡೆಯಿಂದ ಹೊಸ ಹಸು ತಂದರೆ ಎರಡು ಮೂರು ವಾರ ಬೇರೆ ಕಡೆ ಕಟ್ಟಿ.

ಹೆಜ್ಜೆ 8: ಡೈರಿ ಪುಸ್ತಕ ಯಾರ ಹೆಸರಲ್ಲಿದೆ?

ಇದನ್ನು ಕೇಳೋಕೆ ನನಗೆ ಮೂರು ವರ್ಷ ಹಿಡಿಯಿತು. ಹಾಲು ಸಂಘದ ಸದಸ್ಯತ್ವ ಅವರ ಹೆಸರಲ್ಲಿತ್ತು. ಬಟವಾಡೆ ಅವರ ಖಾತೆಗೆ, ಸರ್ಕಾರದ ಪ್ರೋತ್ಸಾಹಧನವೂ ಅವರ ಖಾತೆಗೆ. ಸಂಘದ ಓಟೂ ಅವರದೇ. ಕರೆಯುತ್ತಿದ್ದದ್ದು ಮುಕ್ಕಾಲು ಪಾಲು ನಾನು.

ನಿಮ್ಮೂರಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘ ಇದ್ದರೆ ಹೆಂಡತಿ ಹೆಸರಲ್ಲಿ ಸೇರಿ. ಇಲ್ಲದಿದ್ದರೆ ಕಾರ್ಯದರ್ಶಿ ಹತ್ತಿರ ಹೋಗಿ ಸದಸ್ಯತ್ವ ಹೇಗೆ ಅಂತ ಕೇಳಿ. ಅದೂ ಆಗದಿದ್ದರೆ ಮನೆಯೊಳಗೇ ಒಂದು ಮಾತು ಮಾಡಿಕೊಳ್ಳಿ: ಇಂಥ ಹಸುವಿನ ಹಾಲಿನ ದುಡ್ಡು ಇವರದು ಅಂತ. ನಮ್ಮಲ್ಲಿ ಕೆಂಪಿ ನನ್ನದು. ಅದರ ಫೀಡ್ ಖರ್ಚು ಕಳೆದು ಉಳಿದದ್ದು ನನ್ನ ಖಾತೆಗೆ. ಫ್ಯಾಟ್ 3.5, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ) 8.5 ಬಂತಾ ಅಂತ ಚೀಟಿ ನೋಡೋದು ಈಗ ನನಗೆ ಅಭ್ಯಾಸ ಆಗಿಬಿಟ್ಟಿದೆ.

ಹೆಜ್ಜೆ 9: ಒಬ್ಬರೇ ಇರೋ ದಿನಕ್ಕೆ ತಯಾರಿ

ಧನುರ್ಮಾಸ ಮುಗಿದು ಸಂಕ್ರಾಂತಿ ಆಯ್ತು ಅಂದರೆ ಮದುವೆಗಳು ಶುರು. ಇಬ್ಬರೂ ಹೋಗೋಕೆ ಆಗಲ್ಲ. ಒಬ್ಬರು ಹೊರಡುವ ಹಿಂದಿನ ದಿನ ಇಷ್ಟು ಮಾಡಿ: ಎರಡು ದಿನದ ಹುಲ್ಲು ಕತ್ತರಿಸಿಡಿ, ಒಲೆಗೆ ಮಟ್ಟೆ ಒಳಗೆ ಹಾಕಿ, ಫೀಡ್ ಅಳತೆ ಡಬ್ಬದ ಮೇಲೆ ಹಸುವಿನ ಹೆಸರು ಬರೆದಿಡಿ, ಅಕ್ಕಪಕ್ಕದವರಿಗೆ ಒಂದು ಮಾತು ಹೇಳಿಡಿ. ಉಳಿದವರು ಆ ದಿನ ಕೊಟ್ಟಿಗೆ ತೊಳೆಯೋದು, ಹಸು ಮೈ ತೊಳೆಯೋದು ಎಲ್ಲಾ ಬಿಟ್ಟುಬಿಡಿ. ಕರೆಯೋದು, ಮೇವು, ನೀರು, ಕರು. ಇಷ್ಟಾದರೆ ಸಾಕು.

ಹೋದ ಮಾಘದಲ್ಲಿ ನಾನು ತವರಿಗೆ ಹೋಗಿ ನಾಲ್ಕು ದಿನ ಇದ್ದೆ. ದಿನಾ ರಾತ್ರಿ ಅವರಿಗೆ ಫೋನ್ ಮಾಡಿದರೆ ಮೊದಲು ಕೇಳ್ತಿದ್ದದ್ದು ಕರುವಿಗೆ ಅಂಗಿ ಕಟ್ಟಿದ್ರಾ ಅಂತ. ಮೂರನೇ ದಿನ ಅವರು, "ಅದು ನನ್ನ ಪಾಲಿನ ಕೆಲಸ ಅಲ್ವೇನೇ ಈಗ, ನೀನ್ಯಾಕೆ ನೆನಪಿಟ್ಕೋತೀಯ?" ಅಂದರು. ನಾಲ್ಕನೇ ದಿನ ಕೇಳಲಿಲ್ಲ. ಬಂದು ನೋಡಿದರೆ ಅಂಗಿ ಕಟ್ಟಿತ್ತು, ಹಿಂದುಮುಂದಾಗಿ.